ಎದೆ ಮೇಲೆ ಕನ್ನಡ, ಜೇಬಿನೊಳಗೆ ಇಂಗ್ಲಿಷ್!

ಪ್ರಿಂಟಿಂಗ್ ಪ್ರೆಸ್ ಮಾಲೀಕನೊಬ್ಬನ ನೇರ ಮಾತು

ರಾಜ್ಯೋತ್ಸವಕ್ಕೆ ಇನ್ನು ಹತ್ತು ದಿನ ಇತ್ತು. ನಮ್ಮ ಪ್ರೆಸ್ಸಿಗೆ ನಾಲ್ಕು ಜನ ಹುಡುಗರು ಬಂದರು. ನಾಲ್ವರ ಕೊರಳಲ್ಲೂ ಹಳದಿ-ಕೆಂಪು ಶಾಲು. ಮುಂದಾಳು ಹುಡುಗನ ಟೀ-ಶರ್ಟಿನ ಎದೆಯ ಮೇಲೆ ಅಂಗೈ ಅಗಲದ ಕನ್ನಡ ಅಕ್ಷರ. ನೋಡಿ ಖುಷಿಯಾಯಿತು. ಕಾಫಿ ತರಿಸಿದೆ.

"ಅಣ್ಣ, ಎರಡು ಸಾವಿರ ಕರಪತ್ರ ಬೇಕು. ಮ್ಯಾಟರ್ ವಾಟ್ಸ್‌ಆ್ಯಪ್ ಮಾಡ್ತೀನಿ" ಅಂದ.

ಮಾಡಿದ. ತೆಗೆದು ನೋಡಿದರೆ ಏನಿದೆ? ನಾಡು-ನುಡಿಯ ಬಗ್ಗೆ ಒಂದು ಪುಟದ ವೀರಾವೇಶ, ಪೂರ್ತಿ ಇಂಗ್ಲಿಷ್ ಅಕ್ಷರದಲ್ಲಿ! ಮಾತು ಕನ್ನಡ, ಅಕ್ಷರ ಇಂಗ್ಲೆಂಡಿನದು. ಕನ್ನಡ ಉಳಿಸಿ ಎಂಬ ಎರಡು ಪದ ಬರೆಯುವುದಕ್ಕೂ ಆ ಹುಡುಗನಿಗೆ ಪರದೇಶದ ಲಿಪಿ ಬೇಕಾಗಿತ್ತು.

ಅದನ್ನು ನೋಡಿ ನಾನು ಬಾಯಿ ತೆರೆಯುವ ಮೊದಲೇ ಅವನು ನನ್ನ ಮೇಜಿನ ಮೇಲಿದ್ದ ಕಂಪ್ಯೂಟರ್ ನೋಡಿ ನಕ್ಕ. "ಏನಣ್ಣ ಇದು! ಇನ್ನೂ ವಿಂಡೋಸ್ ಎಕ್ಸ್‌ಪಿ! ಇದನ್ನ ಮ್ಯೂಸಿಯಂಗೆ ಕೊಡಿ" ಅಂದ. ಉಳಿದ ಮೂವರೂ ನಕ್ಕರು. ನಾನೂ ನಕ್ಕೆ. ಗಿರಾಕಿ ನೋಡಿ, ಏನು ಮಾಡೋದು?

ಆದರೆ ಆ ನಗು ರಾತ್ರಿಯಿಡೀ ನನ್ನನ್ನು ಕುಟುಕಿತು. ನನ್ನ ಮುದಿ ಕಂಪ್ಯೂಟರ್ ಕನ್ನಡ ಬರೆಯುತ್ತದೆ. ಅವನ ಕೈಯಲ್ಲಿದ್ದ ಹೊಚ್ಚ ಹೊಸ ಮೊಬೈಲ್ ಕನ್ನಡ ಬರೆಯಲಿಲ್ಲ. ಹಾಗಾದರೆ ಮ್ಯೂಸಿಯಂಗೆ ಹೋಗಬೇಕಾದದ್ದು ಯಾವುದು ಸ್ವಾಮಿ?

ಹುಡುಗರನ್ನು ಬೈಯುವುದಕ್ಕೆ ಮಾತ್ರ ಈ ಲೇಖನ ಬರೆಯುತ್ತಿಲ್ಲ. ನನ್ನ ಪಾಪವೂ ಇದರಲ್ಲಿ ಇದೆ. ಅದನ್ನೂ ಮುಚ್ಚಿಡುವುದಿಲ್ಲ.

ಮೊಳೆಯಿಂದ ಮೌಸ್‌ಗೆ

ನಮ್ಮಪ್ಪನದು ಟ್ರೆಡಲ್ ಪ್ರೆಸ್. ನಾನು ಪಿಯುಸಿ ಮುಗಿಸಿ ಅಲ್ಲಿಗೇ ಬಂದೆ. ಕಾಲೇಜು ಮೆಟ್ಟಿಲು ಮತ್ತೆ ಹತ್ತಲಿಲ್ಲ. ಕಂಪೋಸಿಟರ್‌ಗಳು ನಿಂತುಕೊಂಡೇ ಸೀಸದ ಮೊಳೆ ಜೋಡಿಸುತ್ತಿದ್ದರು. ಕನ್ನಡಕ್ಕೆ ಅಕ್ಷರ, ಗುಣಿತ, ಒತ್ತು ಎಲ್ಲಾ ಬೇರೆ ಬೇರೆ ಮನೆ. ಕೇಸಿನಲ್ಲಿ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಹೆಚ್ಚು ಮನೆಗಳು. ಒಂದು ಒತ್ತಕ್ಷರದ ಮೊಳೆ ಕಡಿಮೆ ಬಿದ್ದರೆ ಇಡೀ ಪುಟ ನಿಲ್ಲುತ್ತಿತ್ತು.

ಅಂಥ ಕಾಲದಲ್ಲಿ ಕಂಪ್ಯೂಟರ್ ಬಂತು. ಅದು ಹುಟ್ಟಿದ್ದು ಇಂಗ್ಲಿಷಿಗೆ. ಅದರ ಕೀಲಿಮಣೆಯಲ್ಲಿ ಇಪ್ಪತ್ತಾರು ಅಕ್ಷರ. ನಮ್ಮ ಇಷ್ಟೊಂದು ಅಕ್ಷರ, ಗುಣಿತ, ಒತ್ತುಗಳನ್ನು ಅದರೊಳಗೆ ಕೂರಿಸುವುದು ಹೇಗೆ? ಯಾವ ಅಮೆರಿಕದ ಕಂಪನಿಯೂ ಬಂದು ಕೂರಿಸಲಿಲ್ಲ. ಕೂರಿಸಿದವರು ನಮ್ಮವರು. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್, ಕನ್ನಡದ ಉಚ್ಚಾರಕ್ಕೆ ಹೊಂದುವ ಕೀಲಿಮಣೆ ವಿನ್ಯಾಸ ಮಾಡಿದರು. ಅದೇ ಇಪ್ಪತ್ತಾರು ಕೀಲಿ ಸಾಕು. 'ಕೆ' ಒತ್ತಿದರೆ 'ಕ', ಶಿಫ್ಟ್ ಹಿಡಿದು ಒತ್ತಿದರೆ 'ಖ', 'ಎಫ್' ಒತ್ತಿದರೆ ಒತ್ತಕ್ಷರ ಸಿದ್ಧ. ತಮ್ಮ 'ಸೇಡಿಯಾಪು' ತಂತ್ರಾಂಶವನ್ನು ಅವರು ಉಚಿತವಾಗಿ ಕೊಟ್ಟರು. ಪೇಟೆಂಟ್ ಹಿಡಿದು ಕೋಟಿ ಎಣಿಸಲಿಲ್ಲ.

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಅದೂ ಆಗ ಉಚಿತ. ಅಮೆರಿಕದಲ್ಲಿ ಕೂತ ಕನ್ನಡಿಗರೂ ಊರಿಗೆ ಕನ್ನಡದಲ್ಲಿ ಕಾಗದ ಬರೆಯತೊಡಗಿದರು. ಆಮೇಲೆ ಕನ್ನಡ ಗಣಕ ಪರಿಷತ್ತು ರಾಜ್ಯ ಸರಕಾರಕ್ಕಾಗಿ 'ನುಡಿ' ತಯಾರು ಮಾಡಿತು. ಕೆ.ಪಿ. ರಾವ್ ಅವರ ವಿನ್ಯಾಸವೇ ಅದಕ್ಕೆ ಆಧಾರ. ವಿಧಾನಸೌಧದಿಂದ ಹಿಡಿದು ತಾಲ್ಲೂಕು ಕಚೇರಿಯ ಗುಮಾಸ್ತನವರೆಗೆ ಎಲ್ಲರೂ ಅದರಲ್ಲೇ ಬರೆದರು.

ನಾನು ಸಾಲ ಮಾಡಿ ಕಂಪ್ಯೂಟರ್ ತಂದೆ. ದಪ್ಪ ಬೆನ್ನಿನ ಮಾನಿಟರ್, ಫ್ಲಾಪಿ ಡ್ರೈವ್, ಪೇಜ್‌ಮೇಕರ್, ಒಂದು ಲೇಸರ್ ಪ್ರಿಂಟರ್. ಬಟರ್ ಪೇಪರ್ ಮೇಲೆ ಪುಟ ತೆಗೆದು ಪ್ಲೇಟಿಗೆ ಕಳಿಸಿದ ಮೊದಲ ದಿನ ನಮ್ಮಪ್ಪ ಆ ಹಾಳೆಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವರದಿ, ಶಾಲಾ ಸ್ಮರಣ ಸಂಚಿಕೆ, ಸ್ವಂತ ದುಡ್ಡಿನಲ್ಲಿ ಪುಸ್ತಕ ಹಾಕಿಸುವ ಮೇಷ್ಟ್ರುಗಳ ಕವಿತೆ... ಇಪ್ಪತ್ತು ವರ್ಷ ಎಲ್ಲಾ ಇದೇ ಡಬ್ಬಿಯಲ್ಲಿ ಆಯಿತು. ಇದನ್ನು ನೋಡಿ ನಗಬೇಡಿ.

ಪೌಂಡಿನ ಹೊಟ್ಟೆಯಲ್ಲಿ ಕನ್ನಡ

ಈಗ ನನ್ನ ಪಾಪದ ಮಾತು.

ಈ ಹಳೇ ತಂತ್ರಾಂಶಗಳಲ್ಲಿ ನಾವು ಬರೆದದ್ದು ಪರದೆಯ ಮೇಲೆ ಕನ್ನಡವಾಗಿ ಕಾಣುತ್ತಿತ್ತು. ಕಂಪ್ಯೂಟರಿನ ಹೊಟ್ಟೆಯೊಳಗೆ ಅದು ಕನ್ನಡ ಆಗಿರಲಿಲ್ಲ! ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ಚಿತ್ರ ಅಂಟಿಸಿದ್ದೆವು, ಅಷ್ಟೆ. ನುಡಿಯ ಹಳೇ ಅಕ್ಷರದಲ್ಲಿ 'ಕನ್ನಡ' ಎಂದು ಬರೆದು, ಆ ಫಾಂಟ್ ಇಲ್ಲದ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಮೊದಲು ಇಂಗ್ಲಿಷಿನ 'ಪಿ', ಅದರ ಪಕ್ಕ ತಲೆಯ ಮೇಲೆ ಗೀಟು ಹೊತ್ತ 'ಎ', ಆಮೇಲೆ ಪೌಂಡಿನ ಗುರುತು, ನ ಒತ್ತಿನ ಜಾಗದಲ್ಲಿ ಜರ್ಮನ್ ಭಾಷೆಯ ಒಂದು ಅಕ್ಷರ! ಕನ್ನಡದ ನಡುವೆ ಇರುವ 'ನ'ಕಾರದ ಕುರ್ಚಿಯಲ್ಲಿ ಇಂಗ್ಲೆಂಡಿನ ದುಡ್ಡಿನ ಗುರುತು ಕಾಲು ಚಾಚಿ ಕೂತಿದೆ. ಬ್ರಿಟಿಷರು 1947ರಲ್ಲಿ ಹೋದರು ಅಂತ ಯಾರು ಹೇಳಿದ್ದು?

ಇದಕ್ಕೆ ಪರಿಹಾರ ಇರಲಿಲ್ಲವೇ? ಇತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಖಾಯಂ ಜಾಗ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ 1991ರಲ್ಲೇ ಬಂದಿತ್ತು. ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಸ್ವಂತ ಬೀದಿ ಸಿಕ್ಕಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಳಗೆ 'ತುಂಗಾ' ಎಂಬ ಯೂನಿಕೋಡ್ ಕನ್ನಡ ಅಕ್ಷರಶೈಲಿ ಇತ್ತು. ಅಂದರೆ, ಆ ಹುಡುಗ ನೋಡಿ ನಕ್ಕನಲ್ಲ, ಅದೇ ಡಬ್ಬಿಯೊಳಗೆ ನಿಜವಾದ ಕನ್ನಡ ಮೊದಲ ದಿನದಿಂದಲೂ ಕೂತಿತ್ತು. ನಾನು ಕದ ತಟ್ಟಲಿಲ್ಲ.

ಯಾಕೆ? ನೆಪ ಇತ್ತು. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿರಲಿಲ್ಲ. ಅದರ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಅದನ್ನು ಮಾಡಿದ ಕಂಪನಿಯೇ ಕೈಬಿಟ್ಟರೂ ನಮ್ಮ ಪ್ರೆಸ್ಸುಗಳು ಕೈಬಿಡಲಿಲ್ಲ. 2012ರ ಇನ್‌ಡಿಸೈನ್ ಸಿಎಸ್6ರಲ್ಲಿ ಭಾರತೀಯ ಲಿಪಿಗಳಿಗೆ ಅನುಕೂಲ ಬಂತು. ಆಗಲೂ ನಾವು "ಇದ್ದದ್ದೇ ಚೆನ್ನಾಗಿದೆ, ಕೈ ಕೂತಿದೆ, ಹೊಸದು ದುಬಾರಿ" ಅಂದೆವು. ಗಿರಾಕಿಗೆ ಬೇಕಾದದ್ದು ಕಾಗದ. ಕಾಗದದ ಮೇಲೆ ಚೆನ್ನಾಗಿ ಬಂದರೆ ಸಾಕು. ಒಳಗೆ ಪೌಂಡು ಇದ್ದರೇನು, ಡಾಲರ್ ಇದ್ದರೇನು?

ಏನಾಯಿತು ಅನ್ನೋದು ಒಂದು ದಿನ ಗೊತ್ತಾಯಿತು.

2006ರಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ತಾಲ್ಲೂಕಿನ ಊರ ಹೆಸರುಗಳ ಬಗ್ಗೆ ಪುಸ್ತಕ ಮಾಡಿಸಿದರು. 312 ಪುಟ. ಸೈಕಲ್ಲಿನಲ್ಲಿ ಊರೂರು ಸುತ್ತಿ, ಮುದುಕರ ಬಾಯಿಂದ ಕೇಳಿ ಬರೆದದ್ದು. ಪ್ರೂಫ್ ನೋಡಲು ಅವರೇ ಬಂದು ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಐನೂರು ಪ್ರತಿ ಅಚ್ಚು ಹಾಕಿದೆವು. ಖರ್ಚಾಯಿತು. ಮೇಷ್ಟ್ರು ತೀರಿಕೊಂಡರು. ಕೆಲವು ವರ್ಷಗಳ ಹಿಂದೆ ಅವರ ಮಗಳು ಬಂದರು. "ಅಪ್ಪನ ಪುಸ್ತಕ ಎಲ್ಲರಿಗೂ ಓದೋ ಹಾಗೆ ಅಂತರ್ಜಾಲದಲ್ಲಿ ಹಾಕ್ಬೇಕು ಅಂತಿದ್ದೀನಿ. ನಿಮ್ಮ ಹತ್ರ ಫೈಲ್ ಇದೆಯಂತಲ್ಲ" ಅಂದರು. ಹೆಮ್ಮೆಯಿಂದ ಹುಡುಕಿ ಕೊಟ್ಟೆ. ಅಲ್ಲೇ ತಮ್ಮ ಲ್ಯಾಪ್‌ಟಾಪ್ ತೆಗೆದು ನೋಡಿದರು. 312 ಪುಟದ ತುಂಬಾ ಪಿ, ಪೌಂಡು, ಗೀಟು! ಆ ಹೆಣ್ಣುಮಗಳು ನನ್ನ ಮುಖ ನೋಡಿದರು. "ಇದರಲ್ಲಿ ಅಪ್ಪ ಎಲ್ಲಿದಾರೆ ಸಾರ್?" ಅಂದರು.

ಇಪ್ಪತ್ತು ವರ್ಷದ ಕಸುಬಿನಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ.

ಪುಣ್ಯಕ್ಕೆ, ಹಳೇ ಅಕ್ಷರವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳನ್ನು ನಮ್ಮ ಕನ್ನಡದ ಹುಡುಗರೇ ಮಾಡಿ ಉಚಿತವಾಗಿ ಇಟ್ಟಿದ್ದಾರೆ. ಅದರಲ್ಲಿ ಹಾಕಿ ತೆಗೆದೆ. ಅರ್ಕಾವತ್ತುಗಳು ಕೆಲವು ಕಡೆ ಸ್ಥಳ ತಪ್ಪಿದ್ದವು, ಕೆಲವು ಒತ್ತಕ್ಷರ ಒಡೆದಿದ್ದವು. ಅಚ್ಚಾದ ಪ್ರತಿ ಪಕ್ಕದಲ್ಲಿಟ್ಟುಕೊಂಡು ಹದಿನೈದು ರಾತ್ರಿ ಕೂತು ತಿದ್ದಿದೆ. ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ಅದು ನನ್ನ ದಂಡ. ಮೇಷ್ಟ್ರು ಸಿಕ್ಕಿದರು.

ಎಲ್ಲರೂ ಸಿಗುವುದಿಲ್ಲ. ಸಿ.ಡಿ.ಯಲ್ಲಿ ಬರೆದಿಟ್ಟ ಎಷ್ಟೋ ಕೆಲಸ ಈಗ ತೆರೆಯುವುದೇ ಇಲ್ಲ. ಫ್ಲಾಪಿಗಳ ಒಂದು ಡಬ್ಬವೇ ಇದೆ, ಓದುವ ಯಂತ್ರ ಕೆಟ್ಟಿದೆ. ಒಂದು ಹಾರ್ಡ್ ಡಿಸ್ಕ್ ಒಂದು ಬೆಳಿಗ್ಗೆ ಟಕ್ ಟಕ್ ಅಂತು, ಸತ್ತಿತು. ಅದರೊಳಗೆ ಯಾವ ಯಾವ ಊರಿನ ಯಾವ ಯಾವ ಮೇಷ್ಟ್ರಿದ್ದರೋ! ನನ್ನದೊಂದೇ ಪ್ರೆಸ್ಸಲ್ಲ. ರಾಜ್ಯದ ತಾಲ್ಲೂಕು ತಾಲ್ಲೂಕಿನ ಡಿಟಿಪಿ ಅಂಗಡಿಗಳ ಅಟ್ಟದ ಮೇಲೆ ಕನ್ನಡ ಹೀಗೆ ಬೀಗ ಹಾಕಿಸಿಕೊಂಡು ಬಿದ್ದಿದೆ. ಗೂಗಲ್ಲಿನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಈಗ ಎಲ್ಲರೂ ಹೇಳುವ ಎಐ ಯಂತ್ರಗಳು ಭಾಷೆ ಕಲಿಯುವುದು ಸಿಕ್ಕಿದ ಬರಹವನ್ನು ಓದಿ. ಪೌಂಡಿನ ಹೊಟ್ಟೆಯಲ್ಲಿರುವ ಕನ್ನಡ ಅವಕ್ಕೆ ಕನ್ನಡವೇ ಅಲ್ಲ. ಆಮೇಲೆ "ಯಂತ್ರಕ್ಕೆ ಕನ್ನಡ ಸರಿಯಾಗಿ ಬರಲ್ಲ" ಅಂತ ನಾವೇ ಬಾಯಿ ಬಡಿದುಕೊಳ್ಳುತ್ತೇವೆ!

ಗುಜರಿಗೆ ಹಾಕುವ ಮುನ್ನ

ಇದನ್ನು ಈಗಲೇ ಹೇಳಲು ಕಾರಣ ಇದೆ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೇ ಮೈಕ್ರೋಸಾಫ್ಟ್ ಎಳ್ಳುನೀರು ಬಿಟ್ಟಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲವೂ ಮುಗಿಯಿತು. ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಚಿಪ್ ಇರುವ ಯಂತ್ರಗಳಿಗೆ ಸಾಮಾನ್ಯವಾಗಿ ವಿಂಡೋಸ್ 11 ಅಧಿಕೃತವಾಗಿ ಹತ್ತುವುದಿಲ್ಲ. ಹೀಗಾಗಿ ಆಫೀಸು, ಶಾಲೆ, ಪ್ರೆಸ್ಸು, ಎಲ್ಲ ಕಡೆಯಿಂದ ಹಳೇ ಕಂಪ್ಯೂಟರುಗಳು ಗುಜರಿಯ ದಾರಿ ಹಿಡಿದಿವೆ.

ಕಬ್ಬಿಣದ ತೂಕಕ್ಕೆ ಹಾಕುವ ಮೊದಲು ಒಂದು ಸಲ ಒಳಗೆ ನೋಡಿ. ನಿಮ್ಮ ತಾತ ಟೈಪ್ ಮಾಡಿಸಿದ ಕಥೆ ಇರಬಹುದು. ಊರಿನ ಹಬ್ಬದ ಹಾಡು ಇರಬಹುದು. ನಿಮ್ಮಮ್ಮ ಬರೆಸಿಟ್ಟ ಅಡುಗೆ ಇರಬಹುದು. ಫೈಲು ತೆಗೆಯಿರಿ. ಫಾಂಟೂ ಸಮೇತ ತೆಗೆಯಿರಿ, ಫಾಂಟ್ ಇಲ್ಲದಿದ್ದರೆ ಅದು ಬರಿ ಪೌಂಡು. ಯೂನಿಕೋಡಿಗೆ ಬದಲಿಸಿ, ತಿದ್ದಿ. ಇಡುವ ಜಾಗ ಎರಡಿರಲಿ, ಒಂದು ಕೆಟ್ಟರೆ ಇನ್ನೊಂದು.

ಇನ್ನೊಂದು ಮಾತು. ಆ ಹಳೇ ಡಬ್ಬಿಯನ್ನೂ ಸುಮ್ಮನೆ ಎಸೆಯಬೇಡಿ. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿದರೆ ಹತ್ತು ವರ್ಷದ ಯಂತ್ರವೂ ಬರೆಯಲು, ಓದಲು ಸಾಕು. ಅದರಲ್ಲಿ ಕನ್ನಡ ಅಕ್ಷರ, ಕನ್ನಡ ಕೀಲಿಮಣೆ ಎಲ್ಲಾ ಬರುತ್ತದೆ. ನಿಮ್ಮೂರಿನ ಸರಕಾರಿ ಶಾಲೆಗೆ ಒಯ್ದು ಕೊಡಿ. ಮಕ್ಕಳಿಗೆ ಮೊದಲ ದಿನವೇ 'ಅ' ಒತ್ತುವುದು ಕಲಿಸಿ. ರಾಜ್ಯೋತ್ಸವದ ಪಟಾಕಿ ದುಡ್ಡಿಗಿಂತ ಕಡಿಮೆ ಖರ್ಚು.

ಕೀಲಿಮಣೆ ಕೇಳಲು ಹೋದ ಕಥೆ

ಹಳೇ ಕೀಲಿಮಣೆಯ ಅಕ್ಷರ ಸವೆದು ಬೋಳಾಗಿತ್ತು. ಹೊಸದು ತರಲು ಸಾದರ ಪತ್ರಪ್ಪ ರಸ್ತೆಗೆ ಹೋದೆ. ಯಾವುದದು ಅನ್ನುತ್ತೀರಾ? ಅದೇ ನಿಮ್ಮ ಎಸ್.ಪಿ. ರೋಡು! ಪಾಪ, ಆ ಹೆಸರನ್ನೂ ಎರಡು ಇಂಗ್ಲಿಷ್ ಅಕ್ಷರದಲ್ಲಿ ಹೂತಿದ್ದೇವೆ. "ಕನ್ನಡ ಅಕ್ಷರ ಅಚ್ಚಾಗಿರೋ ಕೀಬೋರ್ಡ್ ಕೊಡಿ" ಅಂದೆ. ಅಂಗಡಿಯವನು ನನ್ನನ್ನು ಬೇರೆ ಗ್ರಹದಿಂದ ಬಂದವನಂತೆ ನೋಡಿದ. ಬಣ್ಣಬಣ್ಣದ ದೀಪ ಹತ್ತುವ ಕೀಬೋರ್ಡ್ ಇತ್ತು. ಆಟ ಆಡುವವರ ಕೀಬೋರ್ಡ್ ಇತ್ತು. ಕನ್ನಡದ್ದು ಇರಲಿಲ್ಲ. ನಾಲ್ಕು ಅಂಗಡಿ ಸುತ್ತಿದೆ, ಎಲ್ಲೂ ಇಲ್ಲ.

ಒಬ್ಬರು ನಿಜ ಹೇಳಿದರು. "ಸಾರ್, ಇಷ್ಟು ವರ್ಷದಲ್ಲಿ ಕನ್ನಡ ಕೀಬೋರ್ಡ್ ಕೇಳಿಕೊಂಡು ಬಂದವರು ಬೆರಳಲ್ಲಿ ಎಣಿಸೋಷ್ಟು ಜನ. ತರಿಸಿಟ್ಟು ಏನು ಮಾಡಲಿ?" ಅಂದರು. ಅವರನ್ನು ಬೈಯುವ ಬಾಯಿ ನನಗೆ ಬರಲಿಲ್ಲ. ಬೆಂಗಳೂರು ಜಗತ್ತಿಗೇ ಕಂಪ್ಯೂಟರ್ ಕೆಲಸ ಮಾಡಿಕೊಡುವ ಊರು. ಆ ಊರಿನ ಕಂಪ್ಯೂಟರ್ ಪೇಟೆಯಲ್ಲಿ ಕನ್ನಡ ಕೇಳುವ ಗಿರಾಕಿ ಇಲ್ಲ! ಇದಕ್ಕಿಂತ ಅವಮಾನ ಬೇಕೆ?

ಮೊಬೈಲಿನ ಕಾನೂನು ಕಥೆ ಇನ್ನೂ ಚೆನ್ನಾಗಿದೆ. ಭಾರತೀಯ ಮಾನಕ ಬ್ಯೂರೋ 2016ರಲ್ಲಿ ಒಂದು ಮಾನಕ ಹೊರಡಿಸಿತು. ಐಎಸ್ 16333, ಮೂರನೇ ಭಾಗ. ಕೇಂದ್ರ ಸರಕಾರ ಅದನ್ನು ಮೊಬೈಲ್ ಫೋನುಗಳಿಗೆ ಕಡ್ಡಾಯ ಮಾಡಿತು. ಅದರ ಪ್ರಕಾರ ದೇಶದ 22 ಭಾಷೆಗಳನ್ನೂ ಫೋನಿನಲ್ಲಿ ಓದಲು ಬರಬೇಕು. ಬಹಳ ಸಂತೋಷ. ಬರೆಯಲು? ಇಂಗ್ಲಿಷ್ ಬೇಕೇ ಬೇಕು, ಹಿಂದಿ ಬೇಕೇ ಬೇಕು, ಇವೆರಡರ ಜೊತೆ ಕನಿಷ್ಠ 'ಇನ್ನೊಂದು' ಭಾರತೀಯ ಭಾಷೆ! ನೋಡಿದಿರಾ ಜಾಣತನ? ಹಿಂದಿಗೆ ಹೆಸರು ಹಿಡಿದು ಖಾಯಂ ಕುರ್ಚಿ. ಕನ್ನಡ, ತಮಿಳು, ತೆಲುಗು, ಬಂಗಾಳಿ, ಮರಾಠಿಗಳೆಲ್ಲಾ ಬಾಗಿಲ ಹೊರಗೆ ಸಾಲಿನಲ್ಲಿ ನಿಂತು 'ಇನ್ನೊಂದು' ಆಗಲು ಕಾಯಬೇಕು. ಇದು ಹಿಂದಿ ಮಾತಾಡುವ ಜನರ ಮೇಲಿನ ಸಿಟ್ಟಲ್ಲ. ಒಂದೇ ದೇಶದ ಭಾಷೆಗಳ ನಡುವೆ ಪಂಕ್ತಿಭೇದ ಮಾಡುವ ಧೋರಣೆಯ ಮೇಲಿನ ಸಿಟ್ಟು.

ಆದರೂ ಇವತ್ತಿನ ಸಾಮಾನ್ಯ ಸ್ಮಾರ್ಟ್‌ಫೋನಿನಲ್ಲಿ ಕನ್ನಡ ಬರೆಯುವ ಅನುಕೂಲ ಇದೆ. ಕಾನೂನು ಕೊಡದಿದ್ದನ್ನು ಯಂತ್ರ ಕೊಟ್ಟಿದೆ. ಅದನ್ನು ತೆಗೆದು ಬಳಸದವರು ಯಾರು? ನಾವು!

ಬೋರ್ಡಿಗೆ ಶೇ 60, ಆ್ಯಪಿಗೆ ಸೊನ್ನೆ

ಅಂಗಡಿ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಹೋರಾಟ ಆಯಿತು. 2024ರಲ್ಲಿ ಕಾನೂನು ತಿದ್ದುಪಡಿಯೂ ಆಯಿತು. ಒಳ್ಳೆಯದೇ. ನಮ್ಮಂಥ ಪ್ರಿಂಟರುಗಳಿಗೂ ನಾಲ್ಕು ಕಾಸು ಬಂತು, ಸುಳ್ಳು ಹೇಳಲ್ಲ.

ಆದರೆ ತಮ್ಮಂದಿರೇ, ಈಗ ಅಂಗಡಿ ಇರುವುದು ಬೀದಿಯಲ್ಲಿ ಮಾತ್ರ ಅಲ್ಲ. ಊಟ ತರಿಸುವುದು, ಆಟೋ ಕರೆಯುವುದು, ಕರೆಂಟ್ ಬಿಲ್ ಕಟ್ಟುವುದು, ಬ್ಯಾಂಕ್ ನೋಡುವುದು, ಔಷಧಿ ತರಿಸುವುದು ಎಲ್ಲಾ ಆ್ಯಪಿನಲ್ಲಿ. ಬೀದಿಯ ಬೋರ್ಡನ್ನು ದಿನಕ್ಕೆ ಎರಡು ಸಲ ನೋಡುತ್ತೀರಿ. ಕೈಯೊಳಗಿನ ಬೋರ್ಡನ್ನು ದಿನಕ್ಕೆ ನೂರು ಸಲ ನೋಡುತ್ತೀರಿ. ಆ ಬೋರ್ಡಿನಲ್ಲಿ ಶೇಕಡಾ ಎಷ್ಟು ಕನ್ನಡ ಇದೆ, ಈಗಲೇ ಜೇಬಿನಿಂದ ತೆಗೆದು ನೋಡಿ. ನಾನು ಕಾಯುತ್ತೇನೆ.

ಕಂಪನಿಗಳನ್ನು ಕೇಳಿದರೆ ಒಂದೇ ರಾಗ, "ಕನ್ನಡದಲ್ಲಿ ಬಳಸುವವರೇ ಇಲ್ಲ." ಇದು ಅರ್ಧ ಸುಳ್ಳು, ಅರ್ಧ ನಿಜ. ಸುಳ್ಳು ಯಾಕೆಂದರೆ, ವ್ಯಾಪಾರ ಕಂಡಾಗ ಅವರೇ ಓಡಿ ಬಂದಿದ್ದಾರೆ. ಫ್ಲಿಪ್‌ಕಾರ್ಟ್ 2020ರ ಜೂನಿನಲ್ಲಿ ಕನ್ನಡ ತಂದಿತು. ಅಮೆಜಾನ್ ಅದೇ ವರ್ಷ ಸೆಪ್ಟೆಂಬರಿನಲ್ಲಿ ತಂದಿತು. ಇವರಿಗೆ ಕನ್ನಡದ ಮೇಲೆ ರಾತ್ರೋರಾತ್ರಿ ಪ್ರೀತಿ ಉಕ್ಕಿತೇ? ಇಲ್ಲ. ಸಣ್ಣ ಊರಿನ ಗಿರಾಕಿಯ ಜೇಬು ಕಂಡಿತು. ತಪ್ಪಿಲ್ಲ, ವ್ಯಾಪಾರಿ ನೋಡುವುದೇ ಜೇಬನ್ನು. ನಾನೂ ವ್ಯಾಪಾರಿಯೇ.

ಅರ್ಧ ನಿಜ ಯಾಕೆ? ಇಲ್ಲಿ ಕಿವಿಗೊಟ್ಟು ಕೇಳಿ. ನಿಮ್ಮ ಮೊಬೈಲ್ ಯಾವ ಭಾಷೆಗೆ ಇಟ್ಟಿದೆ ಎಂಬುದು ಆ್ಯಪಿನವರಿಗೆ ತಿಳಿಯುತ್ತದೆ. ಅವರು ಎಣಿಸುತ್ತಾರೆ. ಎಷ್ಟು ಫೋನ್ ಇಂಗ್ಲಿಷ್, ಎಷ್ಟು ಹಿಂದಿ, ಎಷ್ಟು ಕನ್ನಡ. ಟೀ-ಶರ್ಟಿನ ಮೇಲೆ ಏನಿದೆ ಅಂತ ಅವರ ಯಂತ್ರಕ್ಕೆ ಕಾಣುವುದಿಲ್ಲ. ಶಾಲು ಕಾಣುವುದಿಲ್ಲ. ಕಾಣುವುದು ಸೆಟ್ಟಿಂಗ್ ಒಂದೇ. ಕನ್ನಡ ಬರುವ ಫೋನನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡ ಪ್ರತಿ ಕನ್ನಡಿಗನೂ ಪ್ರತಿ ದಿನ ಕನ್ನಡದ ವಿರುದ್ಧ ಓಟು ಒತ್ತುತ್ತಿದ್ದಾನೆ! ಬೀದಿಯಲ್ಲಿ ಜೈಕಾರ, ಸೆಟ್ಟಿಂಗಿನಲ್ಲಿ ಸೋಲು.

2021ರ ಜೂನ್ ನೆನಪಿದೆಯೇ? ಭಾರತದ ಕೊಳಕು ಭಾಷೆ ಯಾವುದು ಎಂದು ಹುಡುಕಿದರೆ ಗೂಗಲ್ ಕನ್ನಡದ ಹೆಸರು ತೋರಿಸುತ್ತಿತ್ತು. ನಾಡೇ ಎದ್ದು ನಿಂತಿತು. ಗೂಗಲ್ ಕ್ಷಮೆ ಕೇಳಿತು. ಸರಿಯಾದ ಸಿಟ್ಟು, ಸರಿಯಾದ ಗೆಲುವು. ಆದರೆ ಆ ಸಿಟ್ಟಿನ ಸಂದೇಶಗಳನ್ನು ನಾವು ಒಬ್ಬರಿಗೊಬ್ಬರು ಯಾವ ಅಕ್ಷರದಲ್ಲಿ ಕಳಿಸಿಕೊಂಡೆವು? ನನ್ನ ಫೋನಿಗೆ ಬಂದವುಗಳಲ್ಲಿ ಮುಕ್ಕಾಲು ಪಾಲು ಇಂಗ್ಲಿಷ್ ಅಕ್ಷರದಲ್ಲಿದ್ದವು. ಕನ್ನಡ ಚಂದದ ಭಾಷೆ ಅಂತ ಸಾಧಿಸುವುದಕ್ಕೆ ಕನ್ನಡದ ಲಿಪಿ ಬೇಡವಾಯಿತೇ?

ಹಳ್ಳಿ ಹೋಗಿ ಹಲ್ಲಿ ಬಂತು

ಹುಡುಗರ ಉತ್ತರ ನನಗೆ ಗೊತ್ತು. ದಿನಾ ಕೇಳುತ್ತೇನೆ.

"ಅಣ್ಣ, ಕನ್ನಡ ಟೈಪಿಂಗ್ ಕಷ್ಟ." ಸುಳ್ಳು! ಇಂಗ್ಲಿಷ್ ಅಕ್ಷರ ಒತ್ತಿದರೂ ಕನ್ನಡವಾಗಿ ಮೂಡುವ ಕೀಲಿಮಣೆ ನಿಮ್ಮ ಫೋನಿನಲ್ಲೇ ಇದೆ. ನೀವು ಈಗ ಒತ್ತುತ್ತಿರುವ ಅಕ್ಷರಗಳನ್ನೇ ಒತ್ತಿ, ಕನ್ನಡ ಬರುತ್ತದೆ. ಒತ್ತುವುದಕ್ಕೂ ಸೋಮಾರಿತನವೇ? ಮಾತಾಡಿ. 2017ರಿಂದ ಗೂಗಲ್ಲಿನ ಧ್ವನಿ ಟೈಪಿಂಗ್ ಕನ್ನಡದಲ್ಲಿದೆ. ಬಾಯಲ್ಲಿ ಹೇಳಿದರೆ ಬರೆಯುತ್ತದೆ. ನಮ್ಮ ಕಂಪೋಸಿಟರುಗಳು ಸೀಸದ ಮೊಳೆ ಎತ್ತಿ ಎತ್ತಿ ಬೆರಳು ಕಪ್ಪು ಮಾಡಿಕೊಂಡರು. ನಿಮಗೆ ಗಾಜಿನ ಮೇಲೆ ಬೆರಳು ಜಾರಿಸುವುದೂ ಕಷ್ಟವಾಯಿತೇ?

"ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಅರ್ಥ ಆಗುತ್ತಲ್ಲ ಅಣ್ಣ." ಆಗುತ್ತಾ? ಆ ಕರಪತ್ರದಲ್ಲಿ 'ಹಳ್ಳಿ ಹಳ್ಳಿಗಳಲ್ಲಿ ಕನ್ನಡದ ಕಹಳೆ' ಎಂದು ಇತ್ತು. ಇಂಗ್ಲಿಷಿನಲ್ಲಿ 'ಲ'ಕ್ಕೂ 'ಳ'ಕ್ಕೂ ಒಂದೇ ಅಕ್ಷರ. ನಮ್ಮ ಡಿಟಿಪಿ ಹುಡುಗಿ ಅವಸರದಲ್ಲಿ 'ಹಲ್ಲಿ ಹಲ್ಲಿಗಳಲ್ಲಿ' ಎಂದು ಹೊಡೆದಳು. ಪ್ರೂಫಿನಲ್ಲಿ ಹಿಡಿಯದೆ ಹೋಗಿದ್ದರೆ ಎರಡು ಸಾವಿರ ಹಲ್ಲಿಗಳು ಬೆಂಗಳೂರಿನ ಗೋಡೆಗಳ ಮೇಲೆ ಕಹಳೆ ಊದುತ್ತಿದ್ದವು! ಬಳೆ ಯಾವುದು, ಬಲೆ ಯಾವುದು? ಎಳೆ ಯಾವುದು, ಎಲೆ ಯಾವುದು? ಅಕ್ಷರ ಬಿಟ್ಟ ಮೇಲೆ ಉಚ್ಚಾರ ಬಿಡುತ್ತದೆ. ನಿಮ್ಮ ತಮ್ಮ-ತಂಗಿಯರ ಬಾಯಲ್ಲಿ ಈಗಾಗಲೇ 'ಳ' ಇಲ್ಲ, ಗಮನಿಸಿದಿರಾ?

"ಆ್ಯಪುಗಳ ಕನ್ನಡ ಅರ್ಥವಾಗಲ್ಲ ಅಣ್ಣ." ಈ ಮಾತಿಗೆ ನಾನು ತಲೆಬಾಗುತ್ತೇನೆ. ನಿಜ. ಎಷ್ಟೋ ಆ್ಯಪುಗಳ ಕನ್ನಡ ನೋಡಿದರೆ ಹೊಟ್ಟೆ ಉರಿಯುತ್ತದೆ. ಯಂತ್ರ ಮಾಡಿದ ಅನುವಾದ, ಹಿಂದಿಯಿಂದ ಎತ್ತಿದ ಪದ, ಪಂಡಿತರಿಗೂ ಬೇಡವಾದ ಸಂಸ್ಕೃತ. ಆದರೆ ಕೇಳುತ್ತೇನೆ, ಊಟದಲ್ಲಿ ಉಪ್ಪು ಕಡಿಮೆಯಾದರೆ ಉಪ್ಪು ಕೇಳುತ್ತೀರೋ, ಊಟ ಮಾಡುವುದನ್ನೇ ಬಿಡುತ್ತೀರೋ? ಬಳಸುವವರು ಇದ್ದರೆ ತಾನೇ ತಪ್ಪು ಹೇಳುವವರು ಇರುವುದು? ಆ್ಯಪಿನ ಅಭಿಪ್ರಾಯದ ಜಾಗದಲ್ಲಿ ಹೋಗಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ: ಈ ಪದ ತಪ್ಪು, ಇದು ಸರಿ. ಒಬ್ಬ ಬರೆದರೆ ಕಸದ ಬುಟ್ಟಿ. ಸಾವಿರ ಜನ ಬರೆದರೆ ಸಭೆ ಕರೆಯುತ್ತಾರೆ.

ಕೇಳಿದರೆ ಆಗುತ್ತದೆ ಎಂಬುದಕ್ಕೆ ಸಾಕ್ಷಿ ನಾನೇ. ನಾನು ದಿನಾ ಕಾಫಿ ಕುಡಿಯುವ ಹೋಟೆಲಿನಲ್ಲಿ ದುಡ್ಡು ಬಂತೆಂದು ಕೂಗುವ ಸಣ್ಣ ಪೆಟ್ಟಿಗೆ ಹಿಂದಿಯಲ್ಲಿ ಕೂಗುತ್ತಿತ್ತು. ಕ್ಯಾಷಿಯರ್ ನಮ್ಮ ಕುಂದಾಪುರದವರು, ಗಿರಾಕಿಗಳು ನಾವು, ಪೆಟ್ಟಿಗೆ ಮಾತ್ರ ಹಿಂದಿ! "ಯಾಕೆ ಭಟ್ರೇ ಹೀಗೆ?" ಅಂದೆ. "ಬರುವಾಗಲೇ ಹಾಗೆ ಇತ್ತು ಮಾರಾಯ್ರೆ, ಕಂಪನಿಯ ಹುಡುಗನಿಗೆ ಹೇಳಿ ನೋಡ್ತೆ" ಅಂದರು. ಮರುವಾರ ಹೋದರೆ ಪೆಟ್ಟಿಗೆ ಕನ್ನಡದಲ್ಲಿ "ರೂಪಾಯಿ ಬಂದಿದೆ" ಅನ್ನುತ್ತಿತ್ತು. ಧರಣಿ ಬೇಕಾಗಲಿಲ್ಲ, ಕಲ್ಲು ಬೇಕಾಗಲಿಲ್ಲ. ಒಂದು ಪ್ರಶ್ನೆ ಬೇಕಾಗಿತ್ತು. ಅಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೆ.

ಈಗ ಮಾಡುವುದೇನು?

ಭಾಷಣ ಸಾಕು. ಕೆಲಸ ಹೇಳುತ್ತೇನೆ.

ಒಂದು: ಈ ಪತ್ರಿಕೆ ಕೆಳಗಿಡುವ ಮೊದಲು ಮೊಬೈಲಿನ ಭಾಷೆ ಕನ್ನಡಕ್ಕೆ ಬದಲಿಸಿ. ಒಂದು ವಾರ ತಡಕಾಡುತ್ತೀರಿ, ಆಮೇಲೆ ಒಗ್ಗುತ್ತದೆ. ದಿನವಿಡೀ ಮುಖ ಹುದುಗಿಸಿ ಕೂರುವ ವಾಟ್ಸ್‌ಆ್ಯಪೂ ಕನ್ನಡದಲ್ಲಿ ಬರುತ್ತದೆ.

ಎರಡು: ಕನ್ನಡವನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ತಪ್ಪಾದರೂ ಪರವಾಗಿಲ್ಲ. ತಪ್ಪಿದ ಕಾಗುಣಿತ ತಿದ್ದಬಹುದು, ಬಿಟ್ಟ ಲಿಪಿ ತಿರುಗಿ ಬರುವುದಿಲ್ಲ.

ಮೂರು: ಕನ್ನಡ ಇಲ್ಲದ ಆ್ಯಪಿಗೆ ವಾರಕ್ಕೊಂದು ಪತ್ರ. ಸಭ್ಯವಾಗಿ, ಕನ್ನಡದಲ್ಲಿ, ಬಿಡದೆ.

ನಾಲ್ಕು: ಕಂಪ್ಯೂಟರ್ ಅಂಗಡಿಗೆ ಹೋದಾಗ ಕನ್ನಡ ಕೀಲಿಮಣೆ ಕೇಳಿ. ಇಲ್ಲವೆಂದರೂ ಕೇಳಿ. ಹತ್ತನೆಯವನು ಕೇಳಿದಾಗ ಅಂಗಡಿಯವನು ತರಿಸುತ್ತಾನೆ.

ಐದು: ಮನೆಯ, ಊರಿನ ಹಳೇ ಕಂಪ್ಯೂಟರುಗಳೊಳಗಿನ ಕನ್ನಡವನ್ನು ಬಿಡಿಸಿ. ನಮ್ಮ ಸಂಘಟನೆಗಳು ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ತರಿಸುವ ಹಾಗೆ ಇದಕ್ಕೂ ಒಂದು ದಿನ ಇಡಲಿ. ತಾಲ್ಲೂಕಿನ ಡಿಟಿಪಿ ಅಂಗಡಿಗಳಿಗೆ ಹೋಗಿ, ಲೇಖಕರ ಒಪ್ಪಿಗೆ ಪಡೆದು, ಫೈಲು ಬದಲಿಸಿಕೊಡಲಿ. ಮೊದಲ ದಿನ ನನ್ನ ಪ್ರೆಸ್ಸಿಗೇ ಬನ್ನಿ, ಅಟ್ಟಕ್ಕೆ ಏಣಿ ನಾನೇ ಹಾಕುತ್ತೇನೆ.

ಮುದ್ರಕ ಬಾಂಧವರಿಗೂ ಒಂದು ಮಾತು. ಗಿರಾಕಿ ಕೇಳಲಿ ಬಿಡಲಿ, ಇನ್ನು ಮೇಲೆ ಯೂನಿಕೋಡಿನಲ್ಲೇ ಕೆಲಸ ಮಾಡೋಣ. ನಾನು ಈಗ ಹೊಸ ಕೆಲಸವನ್ನೆಲ್ಲಾ ಹಾಗೇ ಮಾಡುತ್ತಿದ್ದೇನೆ. ಆ ಎಕ್ಸ್‌ಪಿ ಡಬ್ಬಿಯನ್ನು ಇಟ್ಟುಕೊಂಡಿರುವುದು ಹಳೇ ಫೈಲು ತೆರೆಯುವುದಕ್ಕೆ ಮಾತ್ರ. ಅದರ ಕೊನೆಯ ಮೇಷ್ಟ್ರು ಹೊರಗೆ ಬಂದ ದಿನ ಅದನ್ನು ಅರಿಶಿನ ಕುಂಕುಮ ಇಟ್ಟು ಕಳಿಸಿಕೊಡುತ್ತೇನೆ.

ಇನ್ನು ಆ ಹುಡುಗನ ಕಥೆ. ಪ್ರೂಫ್ ನೋಡಲು ಮರುದಿನ ಬಂದ. ಹಲ್ಲಿಯ ವಿಷಯ ಹೇಳಿದೆ, ಬಿದ್ದು ಬಿದ್ದು ನಕ್ಕ. ಆಮೇಲೆ ನಗು ನಿಲ್ಲಿಸಿ ಕೇಳಿದ, "ಅಣ್ಣ, ಕನ್ನಡ ಕೀಬೋರ್ಡ್ ಹಾಕೋದು ಹೇಗೆ?" ಎರಡು ನಿಮಿಷದ ಕೆಲಸ, ಹಾಕಿಕೊಟ್ಟೆ. ಅಲ್ಲೇ ಕೂತು ತನ್ನ ಹೆಸರು ಒತ್ತಿದ. ಇಪ್ಪತ್ತೆರಡು ವರ್ಷದ ಹುಡುಗ, ತನ್ನ ಹೆಸರನ್ನು ತನ್ನ ಮೊಬೈಲಿನಲ್ಲಿ ಕನ್ನಡದಲ್ಲಿ ಬರೆದದ್ದು ಅದೇ ಮೊದಲಂತೆ!

ಅವನಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತ ಮುಗಿಸುತ್ತೇನೆ. ಇನ್ನು ಮುಂದೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದ ಕನ್ನಡದ ಕರಪತ್ರ ನನ್ನ ಪ್ರೆಸ್ಸಿನಲ್ಲಿ ಅಚ್ಚಾಗುವುದಿಲ್ಲ. ಕೈಯಲ್ಲಿ ಬರೆದು ತನ್ನಿ, ತಲೆ ಮೇಲಿಟ್ಟುಕೊಂಡು ಮಾಡಿಕೊಡುತ್ತೇನೆ. ಕನ್ನಡ ಅಕ್ಷರದಲ್ಲಿ ಮೊಬೈಲಿಗೆ ಕಳಿಸಿ, ಎಷ್ಟೇ ತಪ್ಪಿದ್ದರೂ ತಿದ್ದಿಕೊಡುತ್ತೇನೆ, ದರದಲ್ಲಿ ನೂರು ರೂಪಾಯಿ ಕಡಿಮೆಯೂ ಮಾಡುತ್ತೇನೆ. ಇದರಿಂದ ನಾಲ್ಕು ಗಿರಾಕಿ ಪಕ್ಕದ ಬೀದಿಗೆ ಹೋದರೆ ಹೋಗಲಿ.

ನೀವೇನು ಬಿಡುತ್ತೀರಿ? ಒಂದು ಸೆಟ್ಟಿಂಗ್ ಬದಲಿಸುವ ಸೋಮಾರಿತನವನ್ನಾದರೂ ಬಿಡಿ!